ಬಿಯರ್ ವಿಶ್ವಕಪ್: ಬಳಕೆದಾರರ ಕೈಪಿಡಿ

ಫುಟ್‌ಬಾಲ್ ವಿಶ್ವಕಪ್ ಬಂದಾಗಲೆಲ್ಲ ಯಾವುದೋ ಒಂದು ಗೆಳೆಯರ ಗುಂಪಿನಲ್ಲಿ ಈ ಯೋಚನೆ ಹುಟ್ಟಿಯೇ ತೀರುತ್ತದೆ: ದೇಶಗಳ ಬದಲು ಅವುಗಳ ಬಿಯರುಗಳನ್ನೇ ಕಣಕ್ಕಿಳಿಸಿದರೆ ಹೇಗೆ? ಹಾಗೆ ಅನ್ನಿಸಿದವರಿಗಾಗಿ ಈ ಕೈಪಿಡಿ. ಬಾಟ್ಲಿ ತೆರೆಯುವ ಮುನ್ನವೇ ಪೂರ್ತಿ ಓದಿಕೊಳ್ಳಿ. ತೆರೆದ ಮೇಲೆ ಓದುವವರು ಯಾರೂ ಇರುವುದಿಲ್ಲ.

ತಂಡಗಳು ಎಷ್ಟಿರಬೇಕು?

ಫಿಫಾವನ್ನು ನಕಲು ಮಾಡಬೇಡಿ. 2022ರ ಕತಾರ್ ಟೂರ್ನಿಯಲ್ಲಿ 32 ತಂಡ, 64 ಪಂದ್ಯ. ಪಂದ್ಯಕ್ಕೆ ಎರಡು ಲೋಟ, ಲೋಟಕ್ಕೆ 50 ಮಿ.ಲೀ. ಎಂದರೂ ಒಬ್ಬೊಬ್ಬ ತೀರ್ಪುಗಾರನ ಹೊಟ್ಟೆಗೆ 6.4 ಲೀಟರ್ ಇಳಿಯುತ್ತದೆ. 2026ರ 48 ತಂಡ, 104 ಪಂದ್ಯಗಳ ಲೆಕ್ಕ ನೀವೇ ಹಾಕಿ. ಎಂಟು ತಂಡಗಳ ನಾಕೌಟ್ ಸಾಕು: ಏಳು ಪಂದ್ಯ, 700 ಮಿ.ಲೀ. ನಮ್ಮ ದೊಡ್ಡ ಬಾಟ್ಲಿಗಿಂತ ಎರಡು ಗುಟುಕು ಜಾಸ್ತಿ, ಅಷ್ಟೆ.

ಪೌರತ್ವ ಪರಿಶೀಲನೆ

ಅತಿ ಹೆಚ್ಚು ಜಗಳ ಆಗುವುದು ಇಲ್ಲೇ. ಹಸಿರು ಬಾಟ್ಲಿ ತಂದವನು "ಮಗಾ, ಇದು ಹಾಲೆಂಡ್" ಎಂದು ಎದೆಯುಬ್ಬಿಸಿದ ತಕ್ಷಣ ಬಾಟ್ಲಿ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ. ಇಲ್ಲಿನ ಅಂಗಡಿಯಲ್ಲಿ ಸಿಗುವ ಹೈನಿಕೆನ್, ಬಡ್‌ವೈಸರ್ ತಯಾರಾಗುವುದು ಭಾರತದಲ್ಲೇ. ಹೈನಿಕೆನ್ ಕಂಪನಿಯಂತೂ 2021ರಲ್ಲಿ ಕಿಂಗ್‌ಫಿಷರ್ ತಯಾರಿಸುವ ಬೆಂಗಳೂರಿನ ಯುನೈಟೆಡ್ ಬ್ರೂವರೀಸ್‌ನ ಬಹುಪಾಲು ಷೇರು ಹಿಡಿದುಕೊಂಡಿತು. ಅಂದಮೇಲೆ ಹೈನಿಕೆನ್ ಮತ್ತು ಕಿಂಗ್‌ಫಿಷರ್ ಎದುರುಬದುರಾದರೆ ಅದು ಒಬ್ಬರೇ ಮಾಲೀಕರ ಎರಡು ತಂಡಗಳ ಆಟ. ಮ್ಯಾಚ್ ಫಿಕ್ಸಿಂಗ್ ಆರೋಪಕ್ಕೆ ಈಗಲೇ ಒಂದು ಹಾಳೆ ತೆಗೆದಿಡಿ.

ನೀರು ಯಾವ ಊರಿನದೋ ಅದೇ ದೇಶವೋ, ರೆಸಿಪಿ ಯಾರದೋ ಅವರ ದೇಶವೋ ಎಂದು ಮೊದಲೇ ತೀರ್ಮಾನಿಸಿ. ರೆಸಿಪಿ ಎಂದರೂ ಪೂರ್ತಿ ಬಚಾವಾಗುವುದಿಲ್ಲ. ಚೆಕ್ಕರ ಹೆಮ್ಮೆಯ ಪಿಲ್ಸ್ನರನ್ನು 1842ರಲ್ಲಿ ಪಿಲ್ಸೆನ್ ಊರಿನಲ್ಲಿ ಮೊದಲು ಕುದಿಸಿದವನು ಯೋಸೆಫ್ ಗ್ರೋಲ್, ಬವೇರಿಯಾದಿಂದ ಕರೆಸಿಕೊಂಡ ಆಸಾಮಿ. ಬ್ರೆಜಿಲ್‌ನ ಬ್ರಹ್ಮಾ ಬಿಯರು 1888ರಲ್ಲಿ ರಿಯೋದಲ್ಲಿ ಒಬ್ಬ ಸ್ವಿಸ್ ವಲಸಿಗನ ಕೈಯಲ್ಲಿ ಹುಟ್ಟಿತು. ನಮ್ಮ ಚತುರ್ಮುಖನಿಗೆ ರಾಯಲ್ಟಿ ಸಂದ ದಾಖಲೆಯಿಲ್ಲ. ಅರ್ಜೆಂಟೀನಾದ ಕಿಲ್ಮೆಸ್ ಜರ್ಮನ್ ವಲಸಿಗನದು. ಚೀನಾದ ತ್ಸಿಂಗ್‌ಟಾವ್ 1903ರಲ್ಲಿ ಶುರುವಾದದ್ದು ಅಲ್ಲಿ ನೆಲೆಯೂರಿದ್ದ ಜರ್ಮನ್, ಬ್ರಿಟಿಷ್ ವ್ಯಾಪಾರಿಗಳಿಂದ. 2025ರಲ್ಲಿ ಇಂಗ್ಲೆಂಡ್ ತಂಡಕ್ಕೆ ಜರ್ಮನಿಯ ಟುಖೆಲ್, ಬ್ರೆಜಿಲ್‌ಗೆ ಇಟಲಿಯ ಆಂಚೆಲೊಟ್ಟಿ ಕೋಚ್ ಆಗಿ ಬಂದಾಗ ಮೂಗು ಮುರಿದವರಿಗೆ ಈ ಪ್ಯಾರಾ ಎರಡು ಸಲ ಓದಿಸಿ. ಬಿಯರಿನಲ್ಲಿ ವಿದೇಶಿ ಕೋಚ್ ಇಲ್ಲದ ತಂಡ ಸಿಕ್ಕುವುದೇ ಕಷ್ಟ.

ಅಮೆರಿಕದ ಬಡ್‌ವೈಸರ್ ಮತ್ತು ಚೆಕ್ ದೇಶದ ಬುಡ್‌ವೈಸರ್ ಬುಡ್ವಾರ್ ಎರಡೂ ಕೈಗೆ ಸಿಕ್ಕರೆ ಅದೃಷ್ಟ. ಒಂದೇ ಹೆಸರಿಗಾಗಿ ನೂರು ವರ್ಷಕ್ಕೂ ಮೀರಿ ದೇಶ ದೇಶಗಳ ಕೋರ್ಟು ಹತ್ತಿದವರು ಅವರು. ಮೊದಲ ಸುತ್ತಿನಲ್ಲೇ ಜೋಡಿ ಮಾಡಿ. ವಕೀಲರ ಫೀಸಿಲ್ಲದೆ ಹತ್ತು ನಿಮಿಷದಲ್ಲಿ ತೀರ್ಪು ಬರುತ್ತದೆ.

ಇನ್ನು ಭಾರತ. 1950ರಲ್ಲಿ ಬ್ರೆಜಿಲ್‌ಗೆ ಹೋಗುವ ಅವಕಾಶವಿದ್ದೂ ಹಿಂದೆ ಸರಿದ ಮೇಲೆ ಪುರುಷರ ವಿಶ್ವಕಪ್ಪಿನ ಬಾಗಿಲು ನಮಗೆ ತೆರೆದೇ ಇಲ್ಲ. ಆದರೆ ಇಂಡಿಯಾ ಪೇಲ್ ಏಲ್ ಎಂಬ ಬಿಯರಿದೆ: ಇಂಗ್ಲೆಂಡಿನಲ್ಲಿ ಕುದಿಸಿ, ಹಾಪ್ಸ್ ಜಾಸ್ತಿ ಹಾಕಿ, ಇಲ್ಲಿದ್ದ ಬಿಳಿಯರ ಗಂಟಲಿಗೆಂದು ಹಡಗು ಹತ್ತಿಸಿದ್ದು. ಜೆರ್ಸಿಯ ಮೇಲೆ ನಮ್ಮ ಹೆಸರು, ಆಡುವುದು ಅವರ ಪರವಾಗಿ. ಅದನ್ನು ಇಂಗ್ಲೆಂಡ್ ಖಾತೆಗೇ ಬರೆಯಿರಿ. ಕಿಂಗ್‌ಫಿಷರನ್ನು ಆತಿಥೇಯರ ಕೋಟಾದಲ್ಲಿ ಸೇರಿಸಿ. ಆತಿಥೇಯರಿಗೆ ನೇರ ಪ್ರವೇಶ ಫಿಫಾದಲ್ಲೂ ಇದೆ.

ಡ್ರಾ

ಫುಟ್‌ಬಾಲಿನಲ್ಲಿ ಬಲಿಷ್ಠ ತಂಡಗಳನ್ನು ಬೇರೆ ಬೇರೆ ಗುಂಪಿಗೆ ಹಂಚುತ್ತಾರೆ. ಇಲ್ಲಿ ಕುಸ್ತಿಯ ಹಾಗೆ ತೂಕ ನೋಡಿ ಜೋಡಿ ಮಾಡಬೇಕು. ಬೆಲ್ಜಿಯಂನ ಸನ್ಯಾಸಿಗಳ ಮಠದಿಂದ ಬರುವ ರೋಶ್‌ಫೋರ್ 10ರಲ್ಲಿ ಆಲ್ಕೊಹಾಲ್ 11.3 ಶೇಕಡಾ. ಅದನ್ನು ಮೊದಲ ಪಂದ್ಯದಲ್ಲಿ ಬಿಟ್ಟರೆ ಆಮೇಲೆ ಬರುವ ಮೆಕ್ಸಿಕೋದ ಕೊರೊನಾ ಕಾರ್ಪೊರೇಷನ್ ನೀರು. ಹಗುರವಾದವು ಮೊದಲು, ಭಾರವಾದವು ಕೊನೆಗೆ. ಬಣ್ಣ ನೋಡಿ ಮಾತ್ರ ತೂಕ ಅಳೆಯಬೇಡಿ. ಐರ್ಲೆಂಡಿನ ಗಿನ್ನೆಸ್ ಕಪ್ಪಗಿರುವುದು ಹುರಿದ ಬಾರ್ಲಿಯಿಂದ. ಡ್ರಾಟ್ ಗಿನ್ನೆಸ್‌ನ ಆಲ್ಕೊಹಾಲ್ 4.2 ಶೇಕಡಾದ ಆಸುಪಾಸು, ನಮ್ಮ ಯಾವ ಸ್ಟ್ರಾಂಗ್ ಬಿಯರಿಗಿಂತಲೂ ಸಾಧು.

ಮೈದಾನ

ಫ್ರೀಜರಿನಲ್ಲಿಟ್ಟು ಹಲ್ಲು ಜುಮ್ಮೆನ್ನುವಷ್ಟು ತಣ್ಣಗೆ ಮಾಡಿದರೆ ಎಂಟೂ ತಂಡಗಳು ಒಂದೇ ರುಚಿಯಾಗುತ್ತವೆ. ಲಾಗರ್‌ಗೆ ನಾಲ್ಕರಿಂದ ಏಳು ಡಿಗ್ರಿ ಸಾಕು, ಏಲ್‌ಗೆ ಇನ್ನೂ ಸ್ವಲ್ಪ ಬೆಚ್ಚಗೆ. ಮೆಣಸಿನಕಾಯಿ ಬಜ್ಜಿಯನ್ನು ಫೈನಲ್ ಮುಗಿಯುವ ತನಕ ಅಡುಗೆಮನೆಯಲ್ಲೇ ಬಂಧನದಲ್ಲಿಡಿ. ಖಾರಕ್ಕೆ ನಾಲಿಗೆ ಮಂಕಾಗುವುದು ಒಂದು ಕಡೆ, ತುಟಿಗೆ ಅಂಟಿದ ಎಣ್ಣೆ ತಾಗಿದ ಕೂಡಲೇ ನೊರೆ ಕುಸಿಯುವುದು ಇನ್ನೊಂದು ಕಡೆ. ಕಾಂಗ್ರೆಸ್ ಕಡ್ಲೆಗೂ ಇದೇ ಶಿಕ್ಷೆ. ಒಗ್ಗರಣೆ ಕಾಣದ ಮಂಡಕ್ಕಿ, ಸಪ್ಪೆ ಬ್ರೆಡ್ಡು, ನೀರು ಇವಿಷ್ಟಕ್ಕೇ ಪ್ರವೇಶ. ಗುಂಪಿನಲ್ಲಿ ಅಸಮಾಧಾನ ಏಳುತ್ತದೆ, ಏಳಲಿ.

ಪಂದ್ಯ

ಲೇಬಲ್ ಕಾಣಬಾರದು. ಇದಕ್ಕೆ ಹೊಸದಾಗಿ ಏನನ್ನೂ ಕೊಳ್ಳಬೇಕಾಗಿಲ್ಲ, ಅಂಗಡಿಯವನು ಸುತ್ತಿಕೊಟ್ಟ ನ್ಯೂಸ್‌ಪೇಪರ್ ಹಾಗೇ ಇರಲಿ. ಕುಡಿಯದ ಒಬ್ಬ ಗೆಳೆಯನನ್ನು ರೆಫ್ರಿ ಮಾಡಿ. ಅವನು ಒಳಗೆ ಸುರಿದು, ಲೋಟಕ್ಕೆ ನಂಬರು ಹಚ್ಚಿ ಹೊರಗೆ ತರಬೇಕು. ಅರ್ಧ ಜನ ಒಂದನೇ ಲೋಟದಿಂದ, ಉಳಿದರ್ಧ ಎರಡನೆಯದರಿಂದ ಶುರುಮಾಡಲಿ, ಮೊದಲು ಕುಡಿದದ್ದಕ್ಕೆ ಸುಮ್ಮನೆ ಲಾಭವಾಗಬಾರದು.

ಅಂಕಕ್ಕೆ ಅಮೆರಿಕದ ಬಿಯರ್ ತೀರ್ಪುಗಾರರ ಸಂಸ್ಥೆ ಬಿಜೆಸಿಪಿಯ 50 ಅಂಕಗಳ ಹಾಳೆ ಸಾಕು: ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿನ ಅನುಭವಕ್ಕೆ 5, ಒಟ್ಟಾರೆಗೆ 10. ಬಣ್ಣ ಚಿನ್ನವೋ ಜೇನೋ ಎಂದು ಕಾಲು ಗಂಟೆ ವಾದಿಸುವವನಿಗೆ ಆ ಮೂರು ಅಂಕವನ್ನು ತೋರಿಸಿ. "ಮಸ್ತ್" ಎಂಬುದು ಅಂಕವಲ್ಲ. "ಒಂಥರಾ ಇದೆ ಗುರು" ಎಂಬುದೂ ಅಲ್ಲ.

ಬೆಲ್ಜಿಯಂನ ಹೂಗಾರ್ಡನ್ ಲೋಟ ಬಂದಾಗ ಯಾರೋ ಒಬ್ಬರು ಮೂಸಿ, ಸಾರಿನ ಪುಡಿ ಹುರಿಯುವಾಗಿನ ವಾಸನೆ ಎನ್ನುತ್ತಾರೆ. ನಗಬೇಡಿ, ಅದರಲ್ಲಿ ಕೊತ್ತಂಬರಿ ಬೀಜವಿದೆ, ಕಿತ್ತಳೆ ಸಿಪ್ಪೆಯಿದೆ. ಸತ್ತೇಹೋಗಿದ್ದ ಈ ಬಗೆಯ ಗೋಧಿ ಬಿಯರನ್ನು 1966ರಲ್ಲಿ ಪಿಯರ್ ಸೆಲಿಸ್ ಎಂಬ ಹಾಲಿನ ವ್ಯಾಪಾರದವನು ಬದುಕಿಸಿದ. ಜರ್ಮನಿಯ ಗೋಧಿ ಬಿಯರಿಗೆ ಬಾಳೆಹಣ್ಣು, ಲವಂಗದ ವಾಸನೆ ಎಂದವರೂ ಸರಿಯೇ. ಅದರೊಳಗೆ ಎರಡೂ ಇಲ್ಲ, ಆ ವಾಸನೆ ಯೀಸ್ಟಿನ ಕೈಚಳಕ. ನನ್ನ ಕೇಳಿದರೆ, ಪದಕೋಶ ಕಂಠಪಾಠ ಮಾಡಿ ಬಂದವನಿಗಿಂತ ದಿನಾ ಒಗ್ಗರಣೆ ಹಾಕುವವರ ಮೂಗೇ ಒಳ್ಳೆಯ ತೀರ್ಪುಗಾರ.

ದೋಷ ಪರಿಹಾರ

ಗಂಧಕದಂಥ ಕೆಟ್ಟ ವಾಸನೆ ಬಂದರೆ: ಬೆಳಕು ಬಿದ್ದು ಹಾಪ್ಸ್ ಕೆಟ್ಟಿದೆ. ಹಸಿರು, ಬಿಳಿ ಗಾಜಿಗೆ ಈ ಕಾಯಿಲೆ ಬೇಗ. ಕಂದು ಗಾಜು ತಡೆಯುತ್ತದೆ. ಅಂಗಡಿಯ ಮುಂದಿನ ಸಾಲು ಬಿಟ್ಟು ಒಳಗಿನ ಪೆಟ್ಟಿಗೆಯಿಂದ ತೆಗೆಸಿ.

ಕೊರೊನಾದ ಬಾಯಿಗೆ ಯಾರಾದರೂ ನಿಂಬೆಹೋಳು ತುರುಕಿದರೆ: ಡೋಪಿಂಗ್. ಪಂದ್ಯ ರದ್ದು.

ಗೆದ್ದ ಬಿಯರನ್ನು ಕಣ್ಣು ಮುಚ್ಚಿಯೂ ಗುರುತಿಸುತ್ತೇವೆ ಎಂದು ಎಲ್ಲರೂ ಕೂಗಾಡಿದರೆ: ತ್ರಿಕೋನ ಪರೀಕ್ಷೆ ಮಾಡಿ. 1940ರ ದಶಕದಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್‌ನವರು ರೂಪಿಸಿದ್ದು. ಮೂರು ಲೋಟ, ಎರಡರಲ್ಲಿ ಒಂದೇ ಬಿಯರು, ಮೂರನೆಯದು ಬೇರೆ, ಬೇರೆಯದನ್ನು ಹುಡುಕಬೇಕು. ಚಾಂಪಿಯನ್ನನ್ನೂ ರನ್ನರ್ಸ್ ಅಪ್ಪನ್ನೂ ಹೀಗೆ ಸುರಿಯಿರಿ. ಎಂಟು ಜನರಲ್ಲಿ ಮೂವರು ಸರಿ ಹೇಳಿದರೆ ಚಪ್ಪಾಳೆ ಬೇಡ, ಸುಮ್ಮನೆ ಬೆರಳಿಟ್ಟರೂ ಹೆಚ್ಚುಕಡಿಮೆ ಅಷ್ಟು ಜನ ಸರಿಯಾಗುತ್ತಾರೆ. ಆರು ಜನವಾದರೂ ಸರಿ ಹೇಳಬೇಕು. ಹೇಳದಿದ್ದರೆ ಫೈನಲ್ ಡ್ರಾ, ಕಪ್ಪು ರೆಫ್ರಿಗೆ.

ಟೈಬ್ರೇಕರ್ ಎಂದು ಇನ್ನೊಂದು ಬಾಟ್ಲಿಗೆ ಕೈಹಾಕುವವನಿಗೆ ಕೆಂಪು ಕಾರ್ಡ್ ತೋರಿಸಿ, ಬೈಕಿನ ಕೀ ಕಿತ್ತುಕೊಂಡು ಆಟೋ ಹತ್ತಿಸಿ. 100 ಮಿ.ಲೀ. ರಕ್ತದಲ್ಲಿ ಆಲ್ಕೊಹಾಲ್ 30 ಮಿಲಿಗ್ರಾಂ ದಾಟಿದರೆ ಪೊಲೀಸರ ತೀರ್ಪಿಗೆ ವಿಎಆರ್ ಇಲ್ಲ. ಆಟೋದವನು ಒನ್ ಅಂಡ್ ಹಾಫ್ ಕೇಳಿದರೂ ಚೌಕಾಸಿಗೆ ನಿಲ್ಲಬೇಡಿ.