ರಾಡ್ ಮಾಮನ ಗುಳ್ಳೆ ಬೇಟೆ

ಮಂಗಳೂರಿನಿಂದ ಕುಂದಾಪುರದವರೆಗೆ ಕಡಲ ಬದಿಯ ಯಾವ ಊರಿಗೆ ಹೋದರೂ ಬ್ಯಾಂಕಿನಿಂದ ನಿವೃತ್ತರಾದವರಿಗೆ ಬರವಿಲ್ಲ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ ಎಂದು ಅವಿಭಜಿತ ಜಿಲ್ಲೆಯೊಂದರಲ್ಲೇ ಐದು ಬ್ಯಾಂಕುಗಳು ಹುಟ್ಟಿದ ಮೇಲೆ ಪಿಂಚಣಿದಾರರು ಹುಟ್ಟದೆ ಇರುತ್ತಾರೆಯೇ? ಅವರಲ್ಲಿ ಕೆಲವರು ದೇವಸ್ಥಾನದ ಆಡಳಿತ ಮಂಡಳಿ ಸೇರುತ್ತಾರೆ, ಕೆಲವರು ಯಕ್ಷಗಾನದ ಬೆನ್ನು ಹತ್ತುತ್ತಾರೆ, ಉಳಿದವರು ಪತ್ರಿಕೆಯ ಸಂಪಾದಕರಿಗೆ ರಸ್ತೆ ಗುಂಡಿಯ ಬಗ್ಗೆ ಪತ್ರ ಬರೆಯುತ್ತಾರೆ. ಊರಿಗೊಬ್ಬರು ಮಾತ್ರ ಮೀನು ಹಿಡಿಯುವ ರಾಡ್ ಕಟ್ಟಲು ಕೂರುತ್ತಾರೆ. ಬೀದಿಯ ಮಕ್ಕಳು ಅವರನ್ನು ರಾಡ್ ಮಾಮ ಎನ್ನುತ್ತಾರೆ.

ರಾಡ್ ಮಾಮನನ್ನು ಮೀನು ಹಿಡಿಯುವವರ ಲೆಕ್ಕಕ್ಕೆ ಸೇರಿಸಬಾರದು. ಪಣಂಬೂರಿನಲ್ಲೋ ಮಲ್ಪೆಯಲ್ಲೋ ಬಂಡೆಗಳ ಮೇಲೆ ಬೆಳಕು ಹರಿಯುವ ಮೊದಲೇ ಗಾಳ ಹಾಕಿ ನಿಲ್ಲುವವರು ಬೇರೆ. ಕೆಂಬೇರಿ ಸಿಕ್ಕಿದರೆ ಅವರಿಗೆ ಸಂತೋಷ, ಸಿಗದಿದ್ದರೆ ಬೇಸರ, ಅಲ್ಲಿಗೆ ಮುಗಿಯಿತು. ಮಾಮನೂ ಒಮ್ಮೊಮ್ಮೆ ಅಲ್ಲಿಗೆ ಹೋಗುವುದುಂಟು, ಆದರೆ ನೀರಿನ ಕಡೆ ನೋಡುವುದಿಲ್ಲ. ಪಕ್ಕದ ಹುಡುಗನ ಕೈಯಿಂದ ಅಂಗಡಿಯ ರಾಡನ್ನು ಇಸಿದುಕೊಂಡು, ಕನ್ನಡಕ ಹಣೆಗೇರಿಸಿ, ದಾರ ಹಾಯುವ ಬಳೆಯ, ಅಂದರೆ ಗೈಡಿನ, ಬುಡಕ್ಕೆ ಕಣ್ಣಿಟ್ಟು, “ಎಂತ ಮಾರಾಯಾ, ಒಳಗೆ ಗುಳ್ಳೆ ಉಂಟಲ್ಲ!” ಎನ್ನುತ್ತಾರೆ. ಅದೇ ರಾಡಿನಲ್ಲಿ ಅಷ್ಟು ದಿನ ನೆಮ್ಮದಿಯಾಗಿ ಮೀನೆಳೆಯುತ್ತಿದ್ದ ಹುಡುಗನಿಗೆ ಅಂದಿನಿಂದ ಆ ಗುಳ್ಳೆ ಬಿಟ್ಟು ಬೇರೇನೂ ಕಾಣುವುದಿಲ್ಲ.

ರಾಡ್ ಕಟ್ಟುವುದು ಹೊರಗಿನಿಂದ ನೋಡಿದರೆ ಸುಲಭ. ಕಾರ್ಬನ್ ನಾರಿನ ಟೊಳ್ಳು ಕೋಲು, ಅಂದರೆ ಬ್ಲ್ಯಾಂಕು, ಪಾರ್ಸೆಲಿನಲ್ಲಿ ಬರುತ್ತದೆ. ಕೈ ಹಿಡಿಯುವಲ್ಲಿ ಕಾರ್ಕು, ರೀಲಿಗೊಂದು ಸೀಟು, ಉದ್ದಕ್ಕೂ ಏಳೆಂಟು ಗೈಡು, ತುದಿಗೊಂದು ರಿಂಗು. ಗೈಡಿನ ಕಾಲನ್ನು ಬ್ಲ್ಯಾಂಕಿನ ಮೇಲಿಟ್ಟು ನೈಲಾನ್ ದಾರವನ್ನು ಎಳೆಯ ಪಕ್ಕ ಎಳೆ ಕೂರುವಂತೆ ಸುತ್ತಬೇಕು. ಆಮೇಲೆ ಆ ದಾರವೆಲ್ಲ ಮುಳುಗುವಂತೆ ಎಪಾಕ್ಸಿ ಅಂಟು. ಒಣಗಿದ ಮೇಲೆ ದಾರದ ಮೇಲೆ ಗಾಜು ಹೊದಿಸಿದ ಹಾಗೆ ಕಾಣಬೇಕು. ಆ ಹೊದಿಕೆಯಲ್ಲಿ ಗುಳ್ಳೆ, ಧೂಳು, ಉಬ್ಬು, ಮಸುಕು ಯಾವುದೂ ಇರಬಾರದು. ಅದು ಗೈಡಿನ ಕಾಲನ್ನು ಹಿಡಿದು ನಿಲ್ಲಿಸುತ್ತದೆ, ಉಪ್ಪುನೀರು ಒಳಗಿಳಿಯದಂತೆ ತಡೆಯುತ್ತದೆ. ಒಂದೆರಡು ಗುಳ್ಳೆಯಿಂದ ಈ ಎರಡು ಕೆಲಸಕ್ಕೂ ಭಂಗವಿಲ್ಲ. ಮಾಮನಿಗೂ ಇದು ಗೊತ್ತು. ಗೊತ್ತಿದ್ದೇ ಅವರು ಆ ಗುಳ್ಳೆಯ ಹಿಂದೆ ಬಿದ್ದಿರುವುದು.

ಮೊದಲ ಸಲ ದಾರದ ಬಣ್ಣವನ್ನು ಮಾಮಿ ಆರಿಸಿದ್ದರು. ಅಚ್ಚ ಅಬ್ಬಲಿಗೆ ಬಣ್ಣ. ಸಾದಾ ನೈಲಾನ್ ದಾರಕ್ಕೆ ಎಪಾಕ್ಸಿ ಇಳಿದರೆ ಬಣ್ಣ ಅರೆಪಾರದರ್ಶಕವಾಗಿ, ಅಡಿಯ ಬ್ಲ್ಯಾಂಕಿನ ಕಪ್ಪು ಮೇಲೆ ಬರುತ್ತದೆ. ಬಣ್ಣ ಉಳಿಯಬೇಕಾದರೆ ಮೊದಲು ಕಲರ್ ಪ್ರಿಸರ್ವರ್ ಹಚ್ಚಬೇಕು. ಮಾಮ ಹಚ್ಚಿರಲಿಲ್ಲ. ಅಬ್ಬಲಿಗೆ ಕಣ್ಣೆದುರೇ ಇಟ್ಟಿಗೆ ಬಣ್ಣಕ್ಕೆ ಇಳಿಯಿತು. ಆಮೇಲಿನ ರಾಡುಗಳ ಬಣ್ಣದ ವಿಷಯದಲ್ಲಿ ಮಾಮಿ ಬಾಯಿ ಹಾಕಿಲ್ಲ.

ಮಾಮನ ಕಾರ್ಖಾನೆ ಇರುವುದು ಮನೆಯ ಜಗಲಿಯಲ್ಲಿ. ಬಂದವರಿಗೆ ಅಲ್ಲಿ ಕೂತು ಒಂದು ಚರಿತ್ರೆಯ ಪಾಠ ಕೇಳದೆ ಬಿಡುಗಡೆಯಿಲ್ಲ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. 1873ರಲ್ಲಿ, ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಎಚ್.ಎಸ್. ಥಾಮಸ್ ಬರೆದ ‘ದಿ ರಾಡ್ ಇನ್ ಇಂಡಿಯಾ’ ಇದೇ ಮಂಗಳೂರಿನಲ್ಲಿ ಪ್ರಕಟವಾಯಿತು. ಎಪಾಕ್ಸಿಯ ಮೂಲಪುರುಷರಲ್ಲೊಬ್ಬನಾದ ಸ್ವಿಟ್ಜರ್ಲೆಂಡಿನ ಪಿಯೇರ್ ಕ್ಯಾಸ್ಟನ್ 1930ರ ದಶಕದಲ್ಲಿ ಹುಡುಕುತ್ತಿದ್ದದ್ದು ಕಟ್ಟುಹಲ್ಲಿಗೆ ಬೇಕಾದ ವಸ್ತುವನ್ನು. ಅದರ ಹಕ್ಕು ಬಾಸೆಲಿನ ಸೀಬಾ ಕಂಪೆನಿಗೆ ಹೋಗಿ, 1946ರಲ್ಲಿ ಅರಾಲ್ಡೈಟ್ ಎಂದು ಹೊರಬಂತು. “ಮೇಲೆ ನೋಡಿ, ಬಾಸೆಲ್ ಹಂಚು. ಕೆಳಗೆ ನೋಡಿ, ಬಾಸೆಲ್ ಅಂಟು” ಎಂದು ಮಾಮ ಬೆರಳೆತ್ತಿ ತೋರಿಸುತ್ತಾರೆ. ಥಾಮಸ್ ಸಾಹೇಬರ ಬಗ್ಗೆ ಅವರಿಗೆ ಗೌರವ ಮಾತ್ರವಲ್ಲ, ಕನಿಕರವೂ ಇದೆ. ಆ ಕಾಲದ ರಾಡಿಗೆ ರೇಷ್ಮೆ ದಾರ ಸುತ್ತಿ ಪದರದ ಮೇಲೆ ಪದರ ವಾರ್ನಿಷ್ ಬಳಿಯಬೇಕಿತ್ತು. “ಪಾಪ, ಎಪಾಕ್ಸಿ ನೋಡದೆ ಹೋದರು.”

ಎಪಾಕ್ಸಿ ಎರಡು ಬಾಟಲಿಗಳಲ್ಲಿ ಬರುತ್ತದೆ. ಒಂದರಲ್ಲಿ ರೆಸಿನ್, ಇನ್ನೊಂದರಲ್ಲಿ ಹಾರ್ಡನರ್. ರಾಡಿನ ಎಪಾಕ್ಸಿಯನ್ನು ಸಾಮಾನ್ಯವಾಗಿ ಸಮಸಮ ಬೆರೆಸಬೇಕು. ಡೆಬಿಟ್ಟು ಕ್ರೆಡಿಟ್ಟು ಟ್ಯಾಲಿ ಆಗದೆ ರಾತ್ರಿ ಹತ್ತಾದರೂ ಮನೆಗೆ ಹೋಗದಿದ್ದ ಮನುಷ್ಯನಿಗೆ ಇದಕ್ಕಿಂತ ಒಪ್ಪುವ ಹವ್ಯಾಸ ಸಿಕ್ಕೀತೇ? ಮಾಮ ಮೆಡಿಕಲ್ ಶಾಪಿಗೆ ಹೋಗಿ, “ಸೂಜಿ ಬೇಡ, ಸಿರಿಂಜ್ ಮಾತ್ರ ಹತ್ತು ಕೊಡಿ” ಎಂದಾಗ ಅಂಗಡಿಯವರು ಹುಬ್ಬೇರಿಸಿ, “ಯಾರಿಗೆ ಸರ್?” ಎಂದರು. “ರಾಡಿಗೆ.” ಅಂಗಡಿಯವರು ಚೀಟಿ ಕೇಳುವುದನ್ನೂ ಮರೆತರು. ಮರುದಿನ ಮಾಮ ಆ ಹತ್ತನ್ನೂ ವಾಪಸ್ ತಂದರು. ಒಳಗಿನ ಕಪ್ಪು ರಬ್ಬರ್ ಸರಾಗ ಜಾರಲೆಂದು ಅದಕ್ಕೆ ಸಿಲಿಕೋನ್ ಎಣ್ಣೆ ಸವರಿರುತ್ತಾರೆ. ಅದರ ಲವಲೇಶ ಸೇರಿದರೂ ಎಪಾಕ್ಸಿ ಅಲ್ಲಲ್ಲಿ ಸರಿದು ನಿಂತು ದುಂಡಗೆ ಕುಳಿ ಬೀಳುತ್ತದೆ. ಹಾಗಾಗಿ ರಬ್ಬರ್ ಇಲ್ಲದ ಸಿರಿಂಜ್ ಬೇಕು. ಹೀಗೆಂದು ಮಾಮ ಹತ್ತು ನಿಮಿಷ ವಿವರಿಸಿದರು. ಹಿಂದೆ ನಾಲ್ವರು ಜ್ವರದವರು ಕಾಯುತ್ತಿದ್ದರು.

ಈಗ ಜಗಲಿಯಲ್ಲಿ ‘ರೆ’ ಎಂದು ಬರೆದ ಸಿರಿಂಜು ಬೇರೆ, ‘ಹಾ’ ಎಂದು ಬರೆದದ್ದು ಬೇರೆ. ಇದರದ್ದು ಅದರ ಬಾಟಲಿಗೆ ತಾಗಿದರೆ ಅನಾಹುತ. ದಾರಕ್ಕೆ ಬೇಕಾಗುವುದು ಎರಡು ಮಿಲಿಯಾದರೂ ಮಾಮ ಮೂರು ಮೂರರಂತೆ ಆರು ಮಿಲಿ ಬೆರೆಸುತ್ತಾರೆ. ಅರ್ಧ ಮಿಲಿಯಲ್ಲಿ ಒಂದು ಹನಿ ಹೆಚ್ಚುಕಡಿಮೆಯಾದರೆ ತಪ್ಪು ದೊಡ್ಡದು, ಮೂರು ಮಿಲಿಯಲ್ಲಾದರೆ ಸಣ್ಣದು. ಉಳಿದ ನಾಲ್ಕು ಮಿಲಿ ಎಸೆಯುವಾಗ ಅವರ ಮುಖ ಸಾಲ ಮನ್ನಾ ಮಾಡಿದ ಮ್ಯಾನೇಜರನ ಮುಖ. ಎದುರುಮನೆಯ ಚಿನ್ನದಂಗಡಿಯವರು ಒಮ್ಮೆ ಉಪಕಾರ ಮಾಡುವ ಮನಸ್ಸಿನಿಂದ, “ನಮ್ಮ ತಕ್ಕಡಿ ಉಂಟಲ್ಲ, ಮಿಲಿಗ್ರಾಮಿಗೆ ಸರಿಯಾಗಿ ತೂಗಿ ಕೊಡ್ತೇನೆ” ಎಂದರು. ಅಳತೆ ಸಮ ಎಂದರೆ ತೂಕ ಸಮವಲ್ಲ. ರೆಸಿನ್ ಹಾರ್ಡನರಿಗಿಂತ ಭಾರ, ತೂಗಿ ಸಮ ಮಾಡಿದರೆ ಹಾರ್ಡನರ್ ಹೆಚ್ಚಾಗುತ್ತದೆ. ಮಾಮ ಇದನ್ನು ಗೇಟಿನ ಬಳಿ ನಿಂತೇ ಹೇಳಿ ಮುಗಿಸಿದರು. ಚಿನ್ನದಂಗಡಿಯವರು ಈಗ ಗೇಟಿನ ಬಳಿ ನಿಲ್ಲುವುದಿಲ್ಲ.

ಮಲ್ಪೆಯ ಫೈಬರ್ ದೋಣಿ ಶೆಡ್ಡಿನ ಹುಡುಗ ಕೊಟ್ಟ ಸಲಹೆ ಇನ್ನೂ ದುಬಾರಿಯಾಯಿತು. “ಬೇಗ ಗಟ್ಟಿಯಾಗ್ಬೇಕಾ? ಹಾರ್ಡನರ್ ನಾಲ್ಕು ಹನಿ ಜಾಸ್ತಿ ಬಿಡಿ ಸರ್” ಎಂದ. ಅವನ ಅನುಭವದಲ್ಲಿ ಅದು ಸುಳ್ಳಲ್ಲ. ದೋಣಿಗೆ ಬಳಸುವುದು ಪಾಲಿಯೆಸ್ಟರ್ ರೆಸಿನ್. ಅದಕ್ಕೆ ಹಾಕುವುದು ಶೇಕಡಾ ಒಂದೋ ಎರಡೋ ಕ್ಯಾಟಲಿಸ್ಟ್, ಅದು ಕೆಲಸ ಶುರುಮಾಡಿಸುವ ಆಸಾಮಿ ಮಾತ್ರ. ಸ್ವಲ್ಪ ಹೆಚ್ಚಿಸಿದರೆ ಬೇಗ ಕಟ್ಟುತ್ತದೆ. ಎಪಾಕ್ಸಿಯಲ್ಲಿ ಹಾರ್ಡನರ್ ಅರ್ಧ ಪಾಲುದಾರ. ಅದರ ಪ್ರತಿ ಕಣಕ್ಕೂ ರೆಸಿನ್ನಿನಲ್ಲಿ ಜೋಡಿ ಬೇಕು, ಜೋಡಿ ಸಿಗದ ಹೆಚ್ಚುವರಿ ಅಲ್ಲೇ ಹಸಿಯಾಗಿ ಉಳಿಯುತ್ತದೆ. ನಾಲ್ಕು ಹನಿ ಜಾಸ್ತಿ ಬಿದ್ದ ಆ ರಾಡು ವಾರ ಕಳೆದರೂ ಕೈಗೆ ಅಂಟುತ್ತಿತ್ತು. ಮಾಮ ಬ್ಲೇಡು ಹಿಡಿದು ಎಂಟೂ ಗೈಡಿನ ದಾರ ಕಿತ್ತರು.

ಇನ್ನು ಗುಳ್ಳೆ. ಬೆರೆಸುವುದೆಂದರೆ ಮೊಟ್ಟೆ ಗೊಟಾಯಿಸುವುದಲ್ಲ ಎಂದು ಮಾಮ ದಿನಕ್ಕೊಮ್ಮೆ ಹೇಳುತ್ತಾರೆ. ಚಪ್ಪಟೆ ಕಡ್ಡಿ ಗಾಳಿಯನ್ನು ಒಳಗೆ ತಳ್ಳುತ್ತದೆ, ದುಂಡು ಕಡ್ಡಿಯೇ ಆಗಬೇಕು. ಕಪ್ಪಿನ ಗೋಡೆ, ತಳ ಎಲ್ಲ ಕೆರೆಯುತ್ತ, ಅವಸರವಿಲ್ಲದೆ ನಾಲ್ಕೈದು ನಿಮಿಷ. ವಿದೇಶಿ ವಿಡಿಯೋದವನು ಬೆರೆಸುವ ಮೊದಲು ಬಾಟಲಿಯನ್ನು ಬಿಸಿನೀರಲ್ಲಿಡಲು ಹೇಳಿದ್ದ. ಅವನ ಗ್ಯಾರೇಜಿನ ಹೊರಗೆ ಹಿಮ ಬೀಳುತ್ತಿತ್ತು. ಮಾಮ ಅದನ್ನು ಮಂಗಳೂರಿನ ಮೇ ತಿಂಗಳಲ್ಲಿ ಚಾಚೂ ತಪ್ಪದೆ ಪಾಲಿಸಿದರು. ಶಾಖ 10 ಡಿಗ್ರಿ ಏರಿದರೆ ಎಪಾಕ್ಸಿ ಕೈಗೆ ಸಿಗುವ ಸಮಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಸಾಲದ್ದಕ್ಕೆ ಕಪ್ಪಿನಲ್ಲಿ ಒಟ್ಟಾಗಿದ್ದರೆ ಅದು ತನ್ನ ಬಿಸಿಗೆ ತಾನೇ ಇನ್ನಷ್ಟು ಬಿಸಿಯಾಗುತ್ತದೆ. ಮೂರನೇ ಗೈಡಿಗೆ ಬರುವಷ್ಟರಲ್ಲಿ ಬ್ರಷ್ಷು ಕಪ್ಪಿನಲ್ಲೇ ನಿಂತಿತ್ತು, ಇವತ್ತಿಗೂ ನಿಂತಿದೆ. ಮಾಮಿ ಅದನ್ನು ಶೋಕೇಸಿನಲ್ಲಿ ಇಟ್ಟಿದ್ದಾರೆ.

ಅದಾದ ಮೇಲೆ ಮಾಮ ಬೆರೆಸಿದ ಕೂಡಲೇ ಅಲ್ಯೂಮಿನಿಯಂ ಫಾಯಿಲಿನ ಮೇಲೆ ತೆಳ್ಳಗೆ ಸುರಿಯುತ್ತಾರೆ. ಹರಡಿಕೊಂಡರೆ ಬಿಸಿ ಏರುವುದಿಲ್ಲ, ಗುಳ್ಳೆಗಳಿಗೂ ಮೇಲೆ ಬರಲು ದೂರ ಕಮ್ಮಿ. ಬ್ರಷ್ಷಿನ ತುದಿಯಿಂದ ದಾರಕ್ಕೆ ಕುಡಿಸಿ, ಗೈಡಿನ ಕಾಲಿನ ಎರಡೂ ಬದಿ ಇರುವ ಸಣ್ಣ ಸುರಂಗಕ್ಕೆ ಇಳಿಸಿ, ದಾರ ಮುಗಿಯುವ ಕಡೆ ಬ್ರಷ್ಷನ್ನು ಅಲುಗಾಡಿಸದೆ ಹಿಡಿದು ರಾಡನ್ನು ತಿರುಗಿಸಿದರೆ ಅಂಚು ನೇರ ಬರುತ್ತದೆ. ಈ ಅಂಚು ತೆಗೆಯುವಾಗ ಮಾಮ ಉಸಿರು ಬಿಡುವುದಿಲ್ಲ, ಮನೆಯವರು ಮಾತಾಡುವಂತಿಲ್ಲ. ಉಳಿದ ಗುಳ್ಳೆಗೆ ಸ್ಪಿರಿಟ್ ದೀಪ. ಮೋಂಬತ್ತಿಯಾದರೆ ಮಸಿ ಹಿಡಿಯುತ್ತದೆ. ಜ್ವಾಲೆಯನ್ನು ಕೆಳಗಿನಿಂದ ಸರ್ರನೆ ಹಾಯಿಸಿದರೆ ಗುಳ್ಳೆ ಪಟ್ಟನೆ ಒಡೆಯುತ್ತದೆ. ಒಂದು ಗುಳ್ಳೆ ಒಡೆದಾಗ ಮಾಮನ ಮುಖದಲ್ಲಿ ಕಾಣುವ ಕಳೆಯನ್ನು ಮಗಳ ಮದುವೆಯ ದಿನವೂ ಕಂಡಿಲ್ಲವೆಂದು ಮಾಮಿಯ ದೂರು.

ಹಚ್ಚಿ ಮುಗಿಸಿದ ರಾಡನ್ನು ಸುಮ್ಮನೆ ಇಟ್ಟರೆ ಎಪಾಕ್ಸಿ ಅಡಿಗೆ ಇಳಿದು ಹೊಟ್ಟೆ ಬರುತ್ತದೆ, ಗಂಟೆಗಟ್ಟಲೆ ತಿರುಗುತ್ತಲೇ ಇರಬೇಕು. ಇದಕ್ಕಾಗಿ ಮಾಮ ಮನೆಯ ಮೈಕ್ರೋವೇವ್ ಓವನ್ನಿನಿಂದ ತಟ್ಟೆ ತಿರುಗಿಸುವ ಮೋಟಾರು ಬಿಚ್ಚಿದರು. ನಿಮಿಷಕ್ಕೆ ಐದಾರು ಸುತ್ತು, ಹೇಳಿ ಮಾಡಿಸಿದಂಥದ್ದು. ಎಡಕ್ಕೆ ಹೊರಡುತ್ತದೋ ಬಲಕ್ಕೆ ಹೊರಡುತ್ತದೋ ಅದರ ಮರ್ಜಿ. ಎಪಾಕ್ಸಿಗೆ ಎರಡೂ ಒಂದೇ. ಓವನ್ ಕೆಟ್ಟಿತ್ತು ಎಂದು ಮಾಮನ ವಾದ, ಕೆಟ್ಟದ್ದು ಬಿಚ್ಚಿದ ಮೇಲೆ ಎಂದು ಮಾಮಿಯ ವಾದ.

ಕರೆಂಟು ಹೋದರೆ? ಮೊದಲ ಮಳೆಯ ಸಂಜೆ ಹೋಗಿಯೇ ಹೋಗುತ್ತದೆ. ಆಗ ಮಾಮ ಸ್ಟೂಲಿನ ಮೇಲೆ ಕೂತು ಬೆರಳಿನಲ್ಲಿ ರಾಡು ತಿರುಗಿಸುತ್ತಾರೆ, ಎಡಗೈಯಲ್ಲಿ ಉಣ್ಣಲು ಬಾರದ ಕಾರಣ ಮಾಮಿ ಚಮಚೆ ಕೊಡುತ್ತಾರೆ. ಎಮರ್ಜೆನ್ಸಿ ಲೈಟ್ ಹಾಕಿದರೆ ಮುಗಿಯಿತು. ರೆಕ್ಕೆ ಬಂದ ಗೆದ್ದಲುಗಳು ಬೆಳಕಿಗೆ ಮುತ್ತಿ, ಎಲ್ಲ ಬಿಟ್ಟು ಹಸಿ ಎಪಾಕ್ಸಿಯ ಮೇಲೆಯೇ ಇಳಿಯುತ್ತವೆ. ಅಂಥದೊಂದು ರಾಡು ಜಗಲಿಯ ಮೂಲೆಯಲ್ಲಿದೆ. ನಾಲ್ಕನೇ ಗೈಡಿನ ಕೆಳಗೆ ರೆಕ್ಕೆ ಬಿಡಿಸಿಕೊಂಡ ಒಂದು ಹುಳ, ಕಾಲಿನ ಗಂಟೂ ಕಾಣುವಷ್ಟು ಸ್ಪಷ್ಟ. ಮಾಮ ಅದನ್ನು ಯಾರಿಗೂ ತೋರಿಸುವುದಿಲ್ಲ. ಅದರಲ್ಲಿ ಒಂದೂ ಗುಳ್ಳೆ ಇಲ್ಲ ಎಂಬುದೇ ಅವರ ಸಂಕಟ.

ಫಜೀತಿ ಏನೆಂದರೆ, ರಾಡಿನ ಕೆಲಸ ಹೆಚ್ಚುವುದೇ ಮಳೆಗಾಲದಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ರಜೆ, ಕಡಲು ಮೊರೆಯುತ್ತಿರುತ್ತದೆ, ಬಂಡೆ ಜಾರುತ್ತದೆ, ಗಾಳ ಹಾಕುವವರೆಲ್ಲ ರಾಡು ರಿಪೇರಿಗೆ ತರುತ್ತಾರೆ. ಎಪಾಕ್ಸಿಗೆ ಆಗದೆ ಇರುವುದೂ ಅದೇ ಕಾಲ. ಹಾರ್ಡನರಿನಲ್ಲಿರುವ ಅಮೈನು ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡಿನೊಡನೆ ಸೇರಿ ಮೇಲೆ ಮೇಣದಂಥ ಮಸುಕು ಕಟ್ಟುತ್ತದೆ. ಕಳೆದ ಆಷಾಢದಲ್ಲಿ ಒಂದು ರಾಡು ಹೀಗೆ ಮಂಕಾದಾಗ ಮಾಮ ಮೊದಲು ಸ್ಪಿರಿಟ್ ಹಾಕಿ ಒರೆಸಿದರು, ಆಮೇಲೆ ಥಿನ್ನರ್ ತಂದರು, ಕೊನೆಗೆ ಯಾವುದೋ ದೇಶದ ದ್ರಾವಣದ ಬೆಲೆ ವಿಚಾರಿಸುತ್ತ ಫೋನ್ ಹಿಡಿದು ಕೂತರು. ಅಷ್ಟರಲ್ಲಿ ಜಗಲಿ ಒರೆಸಲು ಬಂದ ಮಾಮಿ ಅಡ್ಡ ಇದ್ದ ರಾಡಿಗೂ ಒದ್ದೆ ಬಟ್ಟೆ ಎಳೆದರು. ಮಸುಕು ಹೋಯಿತು. ಈ ಮೇಣ ಕರಗುವುದು ನೀರಿಗೆ. ಮಾಮ ಎರಡು ದಿನ ಮಾತಾಡಲಿಲ್ಲ.

ಕಟ್ಟಿದ ರಾಡುಗಳು ಎಲ್ಲಿಗೆ ಹೋಗುತ್ತವೆ? ಉಪ್ಪುನೀರಿಗೆ ಇಳಿಸಲು ಮಾಮನಿಗೆ ಮನಸ್ಸು ಬರುವುದಿಲ್ಲ. ಹಾಗಾಗಿ ಪ್ರತಿ ದೀಪಾವಳಿಗೂ ಬೆಂಗಳೂರಿನ ಅಳಿಯನಿಗೆ ಒಂದು. ಹಿಡಿಯ ಮೇಲ್ಗಡೆ ಬೆಳ್ಳಿ ಶಾಯಿಯಲ್ಲಿ ಅವನ ಹೆಸರು, ಅದರ ಮೇಲೆ ಎರಡು ಪದರ ಎಪಾಕ್ಸಿ. ಅಳಿಯ ಬಯಲುಸೀಮೆಯವನು, ಸಸ್ಯಾಹಾರಿ, ಹನ್ನೊಂದನೇ ಮಹಡಿಯಲ್ಲಿ ವಾಸ.

ಮೊನ್ನೆ ಅವನ ಫೋನು ಬಂತು. “ಮಾವ, ನಿಮ್ಮ ರಾಡ್ ತುಂಬಾ ಉಪಯೋಗಕ್ಕೆ ಬಂತು!”

ಮಾಮ ಕುರ್ಚಿಯಿಂದ ಎದ್ದೇಬಿಟ್ಟರು. “ಯಾವ ಕೆರೆ?”

“ಕೆರೆ ಅಲ್ಲ ಮಾವ. ಬಾಲ್ಕನಿಯಿಂದ ಬೆಡ್‌ಶೀಟ್ ಹಾರಿ ಕೆಳಗಿನ ಮನೆಯವರ ಎಸಿ ಮೇಲೆ ಬಿದ್ದಿತ್ತು. ದಾರಕ್ಕೆ ಕೊಕ್ಕೆ ಕಟ್ಟಿ ಬಿಟ್ಟೆ.”

“ಒದ್ದೆಯಾ, ಒಣಗಿದ್ದಾ?”

“ಒದ್ದೆ ಮಾವ. ಡಬಲ್ ಕಾಟಿಂದು.”

“ರಾಡ್ ಬಾಗಿತಾ?”

“ಚೆನ್ನಾಗೇ ಬಾಗಿತು.”

“ಈಗಲೇ ಟಾರ್ಚ್ ಹಾಕಿ ನೋಡು. ಗೈಡಿನ ಬುಡದಲ್ಲಿ ಎಪಾಕ್ಸಿ ಬಿರುಕು ಬಿಟ್ಟಿದೆಯಾ? ಒಂದೊಂದೇ ನೋಡು, ನಾನು ಹಿಡಿದುಕೊಂಡಿದ್ದೇನೆ.”

ಎಂಟು ಗೈಡುಗಳ ತಪಾಸಣೆ ಮುಗಿಯುವಷ್ಟರಲ್ಲಿ ಮಾಮಿಯ ಪಲ್ಯ ತಳ ಹಿಡಿಯುವುದರಲ್ಲಿತ್ತು. ಮಾಮ ಒಳಗೆ ಬಂದು ಘೋಷಿಸಿದರು: “ಡಬಲ್ ಕಾಟಿನ ಒದ್ದೆ ಬೆಡ್‌ಶೀಟ್! ಒಂದು ಗೆರೆ ಬಿಟ್ಟಿಲ್ಲ ಗೊತ್ತುಂಟಾ?”

“ಬೆಡ್‌ಶೀಟ್ ಸಿಕ್ಕಿತಾ?” ಎಂದರು ಮಾಮಿ.

ಅದನ್ನು ಮಾಮ ಕೇಳಿರಲಿಲ್ಲ.