ಮೂರು ಸಾವಿರದಿಂದ ಮೀನಿನವರೆಗೆ

ಜೇನ್ ಆಸ್ಟಿನ್‌ಳ ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ ಓದಿದವರು ಅಕ್ಕ ಎಲಿನರ್‌ಳ ಸಂಯಮವನ್ನೋ ತಂಗಿ ಮರಿಯಾನ್‌ಳ ಕಣ್ಣೀರನ್ನೋ ಮೆಚ್ಚಿಕೊಳ್ಳುತ್ತಾರೆ. ನನಗೆ ಪ್ರಾಣ ಅವರ ಅತ್ತಿಗೆ ಫ್ಯಾನಿ. ಮರ್ಯಾದಸ್ಥರು ಹೇಳಿಕೊಳ್ಳುವ ಮಾತಲ್ಲ, ಗೊತ್ತು. ಆದರೂ ಎರಡನೇ ಅಧ್ಯಾಯ ಹಿಡಿದೆನೆಂದರೆ ಒಲೆಯ ಮೇಲೆ ಹಾಲಿಟ್ಟದ್ದೂ ಮರೆಯುತ್ತದೆ.

ನಮ್ಮ ಓದುಗರ ಬಳಗದಲ್ಲಿ ಈ ಕಾದಂಬರಿಯ ಬಗ್ಗೆ ಮಾತಾಡುವ ಸರದಿ ನನಗೆ ಬಂತು. ಸಿನಿಮಾ ಮಾತ್ರ ನೋಡಿಕೊಂಡು ಬಂದಿದ್ದ ಒಬ್ಬರು ಮಳೆ, ಕುದುರೆ, ಮರಿಯಾನ್‌ಳ ಮನಗೆದ್ದ ವಿಲಬಿಯ ತೋಳು ಎಂದು ಅರ್ಧ ಸಮಯ ನುಂಗಿದರು. ಆ ವಿಲಬಿ ಕೊನೆಗೆ ಐವತ್ತು ಸಾವಿರ ಪೌಂಡಿನ ಹುಡುಗಿಯನ್ನು ಕಟ್ಟಿಕೊಂಡ ಸಂಗತಿ ಮಾತ್ರ ಅವರ ಬಾಯಿಂದ ಬರಲೇ ಇಲ್ಲ. ನನಗೆ ರೇಗಿ, ಸೆರಗು ಸಿಕ್ಕಿಸಿಕೊಂಡು ಎದ್ದೆ. ಭಾಷಣ ಮಾಡಲಿಲ್ಲ, ಫ್ಯಾನಿಯೇ ಆಗಿಬಿಟ್ಟೆ.

ಮಲತಾಯಿಯನ್ನೂ ಮೂವರು ಮಲತಂಗಿಯರನ್ನೂ ನೋಡಿಕೊಳ್ಳುತ್ತೇನೆಂದು ಫ್ಯಾನಿಯ ಗಂಡ ಜಾನ್ ಸಾಯುತ್ತಿರುವ ಅಪ್ಪನಿಗೆ ಮಾತು ಕೊಟ್ಟಿದ್ದಾನೆ. ವರ್ಷಕ್ಕೆ ನಾಲ್ಕು ಸಾವಿರದ ಹೊಸ ವರಮಾನ ಬರುತ್ತಿರುವ ಖುಷಿಯಲ್ಲಿ ತಂಗಿಗೊಂದು ಸಾವಿರದಂತೆ ಮೂರು ಸಾವಿರ ಕೊಡೋಣ ಎನ್ನುತ್ತಾನೆ.

“ಅಯ್ಯೋ, ನಮ್ಮ ಮಗ ಹ್ಯಾರಿಯ ಬಾಯಿಗೆ ಮಣ್ಣು ಹಾಕ್ತೀರಾ? ಮಲತಂಗಿಯರು ಅಂದ್ರೆ ಅದೂ ಒಂದು ನೆಂಟಸ್ತಿಕೆಯೇನ್ರಿ?” ಎಂದೆ ನಾನು, ಸಭೆಯಲ್ಲಿದ್ದ ಏಕೈಕ ಗಂಡಸಿನತ್ತ ತಿರುಗಿ. ಅವರು ಗಾಬರಿಯಿಂದ ಕನ್ನಡಕ ತೆಗೆದರು. ತಂಗಿಗೆ ಐನೂರಾಯಿತು.

ಬೇಡ, ಮಲತಾಯಿಗೇ ವರ್ಷಕ್ಕೆ ನೂರು ಪೌಂಡಿನ ವರ್ಷಾಶನ ಕಟ್ಟಿದರೆ? “ಕಟ್ಟಿ ನೋಡಿ! ವರ್ಷಾಶನ ಸಿಕ್ಕವರು ಸಾಯೋದೇ ಇಲ್ಲ. ನಿಮ್ಮ ಚಿಕ್ಕಮ್ಮನಿಗೆ ಇನ್ನೂ ನಲವತ್ತು ತುಂಬಿದೆಯೋ ಇಲ್ಲವೋ, ಗುಂಡುಕಲ್ಲಿನ ಹಾಗಿದ್ದಾರೆ. ಹದಿನೈದು ವರ್ಷ ಬದುಕಿದರೆ ನಾವು ಮುಳುಗಿದ ಹಾಗೇ.” ಕನ್ನಡಕದವರು ಒಪ್ಪಿ ತಲೆಯಾಡಿಸಿದರು, ಪಾಪ, ಜಾನ್ ಕೂಡ ಒಪ್ಪುತ್ತಾನೆ.

ಹಾಗಾದರೆ ಆಗೀಗ ಐವತ್ತು ಪೌಂಡ್? “ನಾಲ್ಕು ಹೆಂಗಸರಿಗೆ ವರ್ಷಕ್ಕೆ ಐನೂರು ಬರುತ್ತೆ. ಗಾಡಿಯಿಲ್ಲ, ಕುದುರೆಯಿಲ್ಲ, ಖರ್ಚೆಲ್ಲಿಂದ ಬರಬೇಕು? ಅವರೇ ನಮಗೆ ಕೊಡಬೇಕು!” ಕೊನೆಗೆ ಜಾನ್‌ಗೆ ಜ್ಞಾನೋದಯವಾಗುತ್ತದೆ. ಅಪ್ಪ ಕೇಳಿದ್ದು ಮನೆ ಹುಡುಕಿಕೊಡುವುದು, ಸಾಮಾನು ಸಾಗಿಸಿಕೊಡುವುದು, ಕಾಲಕಾಲಕ್ಕೆ ಒಂದಿಷ್ಟು ಮೀನು, ಬೇಟೆಯ ಮಾಂಸ ಕಳಿಸುವುದು, ಅಷ್ಟೇ. ಅಷ್ಟಕ್ಕೇ ನಿಲ್ಲದೆ ಫ್ಯಾನಿ ಅವರ ಪಿಂಗಾಣಿ ಕಪ್ಪುಗಳ ಮೇಲೆ ಕಣ್ಣು ಹಾಕುತ್ತಾಳೆ. ನಾನು ಅಧ್ಯಕ್ಷೆಯ ಕೈಯಿಂದ ಚಹಾದ ಕಪ್ಪನ್ನೇ ಕಿತ್ತುಕೊಂಡು, ಬೆಳಕಿಗೆ ಹಿಡಿದು, “ಇಂಥ ಕಪ್ಪು ಅವರಿಗ್ಯಾಕೆ?” ಎಂದೆ. ಅದರಲ್ಲಿ ಇನ್ನೂ ಚಹಾ ಇತ್ತು. ಅಧ್ಯಕ್ಷೆಯ ರೇಷ್ಮೆ ಸೀರೆಯ ಸಮಾಚಾರ ಇಲ್ಲಿ ಬೇಡ.

ಇಡೀ ಅಧ್ಯಾಯದಲ್ಲಿ ಯಾರೂ ಪೆಟ್ಟಿಗೆಯ ಬೀಗ ಒಡೆಯುವುದಿಲ್ಲ, ಸುಳ್ಳು ಪತ್ರ ಬರೆಯುವುದಿಲ್ಲ. ಗಂಡ ಹೆಂಡತಿ ಕೂತು ಸಮಾಧಾನವಾಗಿ ಮಾತಾಡುತ್ತಾರೆ, ಮೂರು ಸಾವಿರ ಮಾಯವಾಗುತ್ತದೆ. ಇದು ಆಸ್ಟಿನ್‌ಗೆ ಪುಸ್ತಕದಿಂದ ತಿಳಿದದ್ದಲ್ಲ. 1805ರಲ್ಲಿ ಅಪ್ಪ ತೀರಿಕೊಂಡ ಮೇಲೆ ತಾಯಿ, ಅಕ್ಕ, ಅವಳು, ಮೂವರೂ ಬಹುಮಟ್ಟಿಗೆ ಅಣ್ಣಂದಿರು ವರ್ಷಕ್ಕಿಷ್ಟೆಂದು ಕೊಟ್ಟದ್ದರಲ್ಲಿ ಬದುಕಿದರು. ಅವಳ ಅಣ್ಣಂದಿರು ಜಾನ್‌ನಂತಲ್ಲ, ಕೊಟ್ಟರು. ಆದರೆ ಇನ್ನೊಬ್ಬರು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ ಎನ್ನುವ ಬಾಳು ಹೇಗಿರುತ್ತದೆಂದು ಅವಳಿಗೆ ತಿಳಿಯಿತು. 1811ರಲ್ಲಿ ತನ್ನ ಹೆಸರು ಹಾಕದೆ ಈ ಪುಸ್ತಕ ಹೊರತಂದಳು. ಮೊದಲ ಮುದ್ರಣದಿಂದ ಉಳಿದದ್ದು 140 ಪೌಂಡ್, ಅದು ಮಾತ್ರ ಯಾರನ್ನೂ ಕೇಳಿ ಪಡೆದದ್ದಲ್ಲ.

ನಗುತ್ತಿದ್ದ ಸಭೆ ಇಲ್ಲಿಗೆ ಬರುವಷ್ಟರಲ್ಲಿ ತಣ್ಣಗಾಗಿತ್ತು. ನಮ್ಮಲ್ಲಿ ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕರ್ನಾಟಕದಲ್ಲಿ 1994ರಲ್ಲಿ ಬಂತು, ದೇಶಕ್ಕೆಲ್ಲ 2005ರಲ್ಲಿ. ಬಂದದ್ದನ್ನು ಅರಿಶಿನ-ಕುಂಕುಮದ ಹೆಸರಿನಲ್ಲಿ ಒಂದು ಸೀರೆ ಕೊಟ್ಟು, ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕಿಸಿಕೊಂಡು ವಾಪಸು ಪಡೆಯುವ ಕಲೆ ನಮಗೆ ಯಾವ ಫ್ಯಾನಿಯೂ ಹೇಳಿಕೊಡಬೇಕಾಗಿಲ್ಲ. ಅಲ್ಲಿದ್ದವರಲ್ಲಿ ಎಷ್ಟು ಜನ ರುಜು ಹಾಕಿದ್ದರೋ, ನಾನು ಕೇಳಲಿಲ್ಲ.

ಮಾತು ಹಗುರಾಗಲೆಂದು ಮುಂದಿನ ಕತೆಗೆ ಹಾರಿದೆ. ಲಂಡನ್ನಿನಲ್ಲಿ ಎಲಿನರ್ ಸಿಕ್ಕಾಗ ಜಾನ್ ಅವಳ ಮುಂದೆಯೇ ತನ್ನ ಕಷ್ಟ ತೋಡಿಕೊಳ್ಳುತ್ತಾನೆ. ಜಮೀನು ಕೊಂಡದ್ದಂತೆ, ಫ್ಯಾನಿಗೆ ಗಾಜಿನ ಗಿಡಮನೆ ಕಟ್ಟಿಸುತ್ತಿರುವುದಂತೆ, ಅದಕ್ಕಾಗಿ ಹಳೆಯ ವಾಲ್‌ನಟ್ ಮರಗಳನ್ನೆಲ್ಲ ಉರುಳಿಸಿದ್ದಂತೆ.

ಹಿಂದಿನ ಸಾಲಿನ ಅಜ್ಜಿ ತಟ್ಟನೆ ಬಾಯಿಬಿಟ್ಟರು: “ನಮ್ಮಣ್ಣ ಮೀನು ಎಲ್ಲಿ ಕಳಿಸ್ತಾನಮ್ಮ, ನಾವು ತಿನ್ನಲ್ವಲ್ಲ. ವರ್ಷಕ್ಕೊಂದು ಹಲಸಿನಹಣ್ಣು ಬರ್ತಿತ್ತು. ಮೊನ್ನೆ ಕಾರು ನಿಲ್ಲಿಸೋಕೆ ಜಾಗ ಬೇಕು ಅಂತ ಆ ಮರಾನೂ ಕಡಿಸಿದ.”

ಫ್ಯಾನಿಯಾಗಿ ನನಗೆ ಉತ್ತರ ಹೊಳೆದಿತ್ತು: “ಹಲಸು ಉಷ್ಣ ಅಜ್ಜಿ, ನಿಮ್ಮ ಆರೋಗ್ಯ ನೋಡಿಯೇ ಕಡಿಸಿದ್ದು.” ಹೇಳಲು ಧೈರ್ಯ ಬರಲಿಲ್ಲ. ಅಜ್ಜಿಯ ಕೈಯಲ್ಲೂ ಚಹಾದ ಕಪ್ಪಿತ್ತು, ತುಂಬಿತ್ತು.