ಟ್ರ್ಯಾಕರ್ ಮೀಮಾಂಸೆ, ಅಥವಾ ಮೇಡ್ಲೇರಿ ಕಟ್ಟೆಯ ಪ್ರಾಚೀನತೆ

ಬಿಟ್‌ಟೊರೆಂಟನ್ನು, ಅಂದರೆ ಗಣಕದ ಕಡತಗಳನ್ನು ಜನ ತಮ್ಮತಮ್ಮಲ್ಲೇ ಚೂರು ಚೂರಾಗಿ ಹಂಚಿಕೊಳ್ಳುವ ಪದ್ಧತಿಯನ್ನು, 2001ರಲ್ಲಿ ಬ್ರಾಮ್ ಕೊಹೆನ್ ಎಂಬ ಅಮೆರಿಕದವನು ಹುಟ್ಟುಹಾಕಿದನೆಂದು ಪಂಡಿತರು ನಂಬಿಕೊಂಡಿದ್ದಾರೆ. ಪ್ರಸ್ತುತ ಗ್ರಂಥಕರ್ತನು ಇದನ್ನು ಖಂಡಿಸುತ್ತಾನೆ. ಅದರ ಜೀವಾಳವಾದ ಟ್ರ್ಯಾಕರು ಅದಕ್ಕೂ ಬಹುಕಾಲ ಮೊದಲೇ ರಾಣೆಬೆನ್ನೂರು ತಾಲೂಕಿನ ಮೇಡ್ಲೇರಿಯ ಚಾದಂಗಡಿ ಕಟ್ಟೆಯ ಮೇಲೆ ಕೂತು ಎಲೆ-ಅಡಿಕೆ ಹಾಕುತ್ತಿತ್ತು.

ಲಕ್ಷಣ: ತಾನೇನನ್ನೂ ಇಟ್ಟುಕೊಳ್ಳದೆ, ಯಾರನ್ನು ಕೇಳಬೇಕೆಂದು ಮಾತ್ರ ಬಲ್ಲದ್ದು ಟ್ರ್ಯಾಕರು. ದೊಡ್ಡಾಟದ ಒಂದು ಹಸ್ತಪ್ರತಿ ಹಾಳೆ ಹಾಳೆಯಾಗಿ ಊರೆಲ್ಲ ಹಂಚಿಹೋಗಿದೆ ಎನ್ನಿ. "ಯಜಮಾನ್ರ, ಆ ಆಟದ ಪ್ರತಿ ಯಾರ ಮನ್ಯಾಗ ಸಿಗತೈತ್ರಿ?" ಅಂದರೆ ಕಟ್ಟೆಯ ಹಿರಿಯರು ಒಂದಷ್ಟು ಮನೆ ಹೇಳುತ್ತಾರೆ. ಎಷ್ಟನೇ ಹಾಳೆ ಯಾರಲ್ಲಿದೆ ಎಂಬುದು ಅವರಿಗೂ ಗೊತ್ತಿಲ್ಲ. ಅದನ್ನು ಆಯಾ ಮನೆಯಲ್ಲೇ ಕೇಳಿಕೊಂಡು, ನಕಲು ಮಾಡಿಕೊಳ್ಳಬೇಕು. ಯಂತ್ರದ ಟ್ರ್ಯಾಕರಿಗೆ ಟೊರೆಂಟಿನ 20 ಬೈಟಿನ ಗುರುತು ಹೇಳಿದರೆ, ಅದು ಸಾಮಾನ್ಯವಾಗಿ 50 ವಿಳಾಸ ಒಪ್ಪಿಸುತ್ತದೆ. ಹಳೇ ಪದ್ಧತಿಯ ಒಂದು ವಿಳಾಸಕ್ಕೆ ಬರೀ 6 ಬೈಟು. ಹೆಚ್ಚುಕಡಿಮೆ ಅರ್ಧ ತಾಸಿಗೊಮ್ಮೆ ಬಂದು "ಇನ್ನೂ ಅದೀನ್ರಿ" ಅನ್ನದವನ ಹೆಸರು ಪಟ್ಟಿಯಿಂದ ಉದುರುತ್ತದೆ.

ಪೂರ್ವಪಕ್ಷ: ತಪ್ಪು ಮನೆ ತೋರಿಸಿದರೆ? ಸಮಾಧಾನ: ತೋರಿಸಲಿ. ಪ್ರತಿ ತುಣುಕಿನ ಹ್ಯಾಶ್ ಎಂಬ ಬೆರಳಚ್ಚು ಟೊರೆಂಟ್ ಕಡತದಲ್ಲೇ ಇರುತ್ತದೆ. ತಾಳೆಯಾಗದ್ದನ್ನು ಬಿಸಾಕಿ ಇನ್ನೊಂದು ಬಾಗಿಲು ಬಡಿಯುವುದು. ನಿಜವಾದ ತೊಡಕು ಬೇರೆ. ಎಷ್ಟು ಕೊಟ್ಟೆನೆಂದು ಟ್ರ್ಯಾಕರಿಗೆ ವರದಿ ಒಪ್ಪಿಸುವವನು ಕೊಟ್ಟವನೇ! ಕೊಡದವರನ್ನು ಹೊರಹಾಕುವ ಖಾಸಗಿ ಟ್ರ್ಯಾಕರುಗಳೂ ಈ ಲೆಕ್ಕವನ್ನೇ ನೆಚ್ಚಿಕೊಂಡಿವೆ. ಮೇಡ್ಲೇರಿಯಲ್ಲಾದರೆ ಇಂಥ ಸುಳ್ಳು ಚಾ ಆರುವುದರೊಳಗೆ ಸಿಕ್ಕಿಬೀಳುತ್ತದೆ. ಅಂತರಜಾಲ ಈ ವಿಷಯದಲ್ಲಿ ಇನ್ನೂ ಹಿಂದುಳಿದ ಪ್ರದೇಶ.

ಇಂಟರ್ನೆಟ್ ಆರ್ಕೈವ್ 2012ರಲ್ಲಿ ತನ್ನ ಹತ್ತು ಲಕ್ಷಕ್ಕೂ ಹೆಚ್ಚು ಸಂಗ್ರಹಗಳಿಗೆ ಟೊರೆಂಟ್ ಒದಗಿಸಿತು. ಅಲ್ಲಿಂದ ಹಳೇ ಕನ್ನಡ ಪುಸ್ತಕ ಇಳಿಸುವಾಗ ಟ್ರ್ಯಾಕರು "ಯಾರೂ ಇಲ್ಲ" ಅಂದರೂ ಅಂಜಬೇಕಿಲ್ಲ; ಆರ್ಕೈವಿನ ಸರ್ವರುಗಳೇ ಕೊಡುತ್ತವೆ. ಯಾರೂ ಓದದ ಪುಸ್ತಕಗಳ ಮಟ್ಟಿಗೆ ಇದು ಅತ್ಯುತ್ತಮ ವ್ಯವಸ್ಥೆ. ಈ ಪ್ರಬಂಧವನ್ನೂ ಅಲ್ಲಿಗೇ ಕಳಿಸುವ ವಿಚಾರವಿದೆ.

2005ರಲ್ಲಿ ಡಿಎಚ್‌ಟಿ ಎಂಬ ನಾಸ್ತಿಕವಾದ ತಲೆಯೆತ್ತಿತು. ಟ್ರ್ಯಾಕರೇ ಬೇಡ, ಪಟ್ಟಿಯನ್ನು ಎಲ್ಲರೂ ಚೂರು ಚೂರು ಇಟ್ಟುಕೊಂಡು, ಗೊತ್ತಿಲ್ಲದವನು ಗೊತ್ತಿರಬಹುದಾದವನ ಕಡೆ ಕೈ ತೋರಿಸಿದರಾಯಿತು ಎಂಬುದು ಅದರ ವಾದ. 2009ರಲ್ಲಿ ಪೈರೇಟ್ ಬೇ ಎಂಬ ಟೊರೆಂಟ್ ತಾಣ ಇದನ್ನೇ ನೆಚ್ಚಿ ತನ್ನ ಟ್ರ್ಯಾಕರು ಮುಚ್ಚಿತು. ಕಟ್ಟೆಯ ಪಂಡಿತರು ಇದಕ್ಕೆ ಎತ್ತಿದ ಆಕ್ಷೇಪ ಒಂದೇ: "ಕಟ್ಟೀನ ಇಲ್ಲಂದ್ರ ಕುಂದ್ರೂದು ಎಲ್ಲೆ?" ಡಿಎಚ್‌ಟಿ ಪಂಥದವರು ಈವರೆಗೆ ಉತ್ತರಿಸಿಲ್ಲ.